ಅಕ್ಕ ಇರುವ ಊರಿಗೆ ಹೋಗಿಬಿಡೋಣವೇ?

ಪ್ರಶ್ನೆ: ಮೇಡಂ, ನಾವು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಇದ್ದೇವೆ. ಬಂದು ಎಂಟು ವರ್ಷ ಆಯಿತು. ಕಂಪನಿ ಮೂಲಕ ಸಿಗುವ ಕೆಲಸದ ವೀಸಾ, ಎಚ್-1ಬಿ. ಮಗಳಿಗೆ 4 ವರ್ಷ. ನಾನೀಗ ಮತ್ತೆ ಬಸುರಿ, ನಾಲ್ಕು ತಿಂಗಳು ತುಂಬಿದೆ. ನನ್ನ ಸ್ವಂತ ಅಕ್ಕ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ. ಯಜಮಾನರ ಕಂಪನಿಗೆ ಅಲ್ಲೂ ಆಫೀಸಿದೆ, ಕೇಳಿದರೆ ವರ್ಗ ಮಾಡಿಕೊಡುತ್ತಾರೆ. ಹೋದ ಜನವರಿಯಲ್ಲಿ ಇವರು ಊರಲ್ಲಿಲ್ಲದಾಗ ರಾತ್ರಿ ಎರಡು ಗಂಟೆಗೆ ಮಗಳಿಗೆ ಜ್ವರ ಏರಿ ಫಿಟ್ಸ್ ಬಂತು. ಒಬ್ಬಳೇ ಎಮರ್ಜೆನ್ಸಿಗೆ ಹೋದೆ. ಅಲ್ಲಿ ಕೂತು ಯಾರಿಗೆ ಫೋನ್ ಮಾಡಲಿ ಅಂತ ಮೊಬೈಲ್‌ನಲ್ಲಿದ್ದ ಹೆಸರುಗಳನ್ನೆಲ್ಲ ನೋಡಿದೆ. 300ಕ್ಕೂ ಜಾಸ್ತಿ ಇದ್ದವು. ಯಾರಿಗೂ ಮಾಡಲಿಲ್ಲ. ಅವತ್ತಿನಿಂದ ಅಕ್ಕನ ಹತ್ತಿರ ಹೋಗಬೇಕು ಅಂತ ಮನಸ್ಸು ಎಳೆಯುತ್ತಿದೆ. ಧಾರವಾಡದಲ್ಲಿರುವ ಅವ್ವ, “ನೀವಿಬ್ರೂ ಒಂದ ಊರಾಗ ಇದ್ರ ನಾ ಇಲ್ಲೆ ನಿಶ್ಚಿಂತಿ ಇರ್ತೀನಿ” ಅಂತಾಳೆ. ಯಜಮಾನರು “ದೂರ ಇದ್ದರೇ ಸಂಬಂಧ ಚಂದ, ಇಷ್ಟು ದೊಡ್ಡ ಮನೆ ಬಿಟ್ಟು ಅಲ್ಲಿ ಗೂಡಿನಂಥ ಮನೆಗೆ ಯಾಕೆ?” ಅಂತಾರೆ. ನನ್ನದು ಬರೀ ಹೆದರಿಕೆಯಾ, ನಿಜವಾದ ಅಗತ್ಯವಾ?

ಉತ್ತರ: ನಿಮ್ಮ ಪತ್ರ ಓದುತ್ತಾ ಆ 300 ಹೆಸರಿನ ಹತ್ತಿರ ಬಂದು ನಿಂತುಬಿಟ್ಟೆ.

ಮೊದಲು ಮಗುವಿನ ವಿಷಯ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದ ಜೊತೆ ಹೀಗೆ ಫಿಟ್ಸ್ ಬರುವುದುಂಟು. ನೋಡಿದವರ ಜೀವ ಬಾಯಿಗೆ ಬರುತ್ತದೆ, ಆದರೆ ಹೆಚ್ಚಿನ ಸಲ ಮಗುವಿಗೆ ಏನೂ ಆಗುವುದಿಲ್ಲ. ನಿಮ್ಮ ಡಾಕ್ಟರೂ ಇದನ್ನೇ ಹೇಳಿರುತ್ತಾರೆ. ನೀವು ತಡಮಾಡದೆ ಆಸ್ಪತ್ರೆಗೆ ಹೋಗಿದ್ದು ಸರಿ.

ಈಗ ಆ ಹೆಸರುಗಳಿಗೆ ಬರೋಣ. ಆ ರಾತ್ರಿ ನೀವು ಫೋನ್ ಮಾಡಿದ್ದರೆ ಅವರಲ್ಲಿ ಯಾರೋ ಒಬ್ಬರು ಖಂಡಿತ ಬರುತ್ತಿದ್ದರು. ಅದು ನಿಮಗೂ ಗೊತ್ತು. ಆದರೂ ಮಾಡಲಿಲ್ಲ. ಯಾಕೆಂದರೆ ಒಂದೊಂದು ಹೆಸರು ನೋಡುವಾಗಲೂ ತಲೆಯಲ್ಲಿ ಲೆಕ್ಕ ನಡೆಯುತ್ತಿತ್ತು. ಇವರಿಗೆ ಬೆಳಿಗ್ಗೆ ಆಫೀಸು. ಅವರ ಮನೆಯಲ್ಲಿ ಎಳೆ ಮಗು. ಇವರು ಹೋದ ತಿಂಗಳಷ್ಟೇ ಏರ್‌ಪೋರ್ಟಿಗೆ ಬಿಟ್ಟಿದ್ದರು, ಮತ್ತೆ ಕೇಳಿದರೆ ಏನಂದುಕೊಳ್ಳುತ್ತಾರೋ. ಆ ಹೊತ್ತಿಗೆ ಧಾರವಾಡದಲ್ಲಿ ಮಧ್ಯಾಹ್ನ ಒಂದೂವರೆ. ಅವ್ವ ಎಚ್ಚರವಾಗೇ ಇದ್ದರು. ಅವರಿಗೂ ಮಾಡಲಿಲ್ಲ, ಪಾಪ ಅಷ್ಟು ದೂರದಿಂದ ಏನು ಮಾಡಿಯಾರು, ಸುಮ್ನೆ ಹೆದರುತ್ತಾರೆ ಅಂತ. ಅಕ್ಕ ಹತ್ತಿರದಲ್ಲಿದ್ದಿದ್ದರೆ ಈ ಲೆಕ್ಕ ಹಾಕುತ್ತಿದ್ದಿರಾ? ಅವಳಿಗೂ ಬೆಳಿಗ್ಗೆ ಆಫೀಸಿತ್ತು. ಆದರೂ ಅವಳ ನಂಬರ್ ಒತ್ತುವಾಗ ಅದು ನೆನಪಿಗೇ ಬರುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಡಬ್ಬಿಯ ಪದ್ಧತಿ ಒಂದಿದೆಯಲ್ಲ. ಪಕ್ಕದ ಮನೆಯವರು ಸಾರೋ ಪಾಯಸವೋ ಕೊಟ್ಟರೆ ಡಬ್ಬಿ ಖಾಲಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಅಮೆರಿಕಕ್ಕೆ ಹೋದರೂ ನಮ್ಮವರು ಇದನ್ನು ಬಿಟ್ಟಿಲ್ಲ. ಆದರೆ ಅಕ್ಕನ ಮನೆಯಿಂದ ಬಂದ ಡಬ್ಬಿ? ಅದು ನಿಮ್ಮ ಅಡುಗೆಮನೆಯಲ್ಲೇ ಮೂರು ತಿಂಗಳು ಬಿದ್ದಿರುತ್ತದೆ. ನೀವು ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿರುತ್ತೀರಿ. ಒಂದು ದಿನ ಅವಳೇ ಬಂದು “ಅಯ್ಯೋ ಇದು ನಂದಲ್ವಾ” ಅಂತ ಎತ್ತಿಕೊಂಡು ಹೋಗುತ್ತಾಳೆ.

ಈ ಎರಡು ಡಬ್ಬಿಗಳ ವ್ಯತ್ಯಾಸವನ್ನು ಮನಶ್ಶಾಸ್ತ್ರದವರೂ ನೋಡಿದ್ದಾರೆ. 1979ರಲ್ಲಿ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಸಂಬಂಧಗಳನ್ನು ಎರಡು ಬಗೆ ಮಾಡಿದರು. ಒಂದು ಕೊಟ್ಟು ತಗೊಳ್ಳುವ ಸಂಬಂಧ, ಇನ್ನೊಂದು ಬೇಕಾದಾಗ ಬೇಕಾದವರಿಗೆ ಮಾಡುವ ಸಂಬಂಧ. ಮೊದಲನೆಯದರಲ್ಲಿ ಉಪಕಾರಕ್ಕೆ ತಕ್ಷಣ ಪ್ರತಿಯಾಗಿ ಏನಾದರೂ ಕೊಟ್ಟರೆ ಎದುರಿನವರಿಗೆ ಖುಷಿ. ಎರಡನೆಯದರಲ್ಲಿ ಹಾಗೆ ತಕ್ಷಣ ತೀರಿಸಲು ಹೋದರೆ ಬೇಜಾರು. ಅಕ್ಕ ಮಗುವನ್ನು ಒಂದು ಸಂಜೆ ನೋಡಿಕೊಂಡಳು ಅಂತ ನೀವು ಮರುದಿನವೇ ಗಿಫ್ಟ್ ಕಾರ್ಡ್ ಕೊಟ್ಟರೆ ಅವಳ ಮುಖ ಹೇಗಾಗುತ್ತದೆ, ಊಹಿಸಿಕೊಳ್ಳಿ.

ಪರದೇಶದಲ್ಲಿ ನಿಮ್ಮನ್ನು ಸುಸ್ತು ಮಾಡುವುದು ಈ ಕೊಟ್ಟು ತಗೊಳ್ಳುವ ಲೆಕ್ಕವೇ. ಗೆಳೆಯರು ಒಳ್ಳೆಯವರೇ ಇರುತ್ತಾರೆ. ಆದರೆ ಎಂಟು ವರ್ಷ ಎಲ್ಲರ ಜೊತೆಗೂ ಡಬ್ಬಿಯ ಲೆಕ್ಕ ಇಟ್ಟುಕೊಂಡು ಬದುಕಿದರೆ ಮನಸ್ಸು ದಣಿಯುತ್ತದೆ. ಲೆಕ್ಕ ಇಡಬೇಕಿಲ್ಲದ ಒಂದು ಮನೆ ಅರ್ಧ ಗಂಟೆ ದಾರಿಯಲ್ಲಿದ್ದರೆ ಸಾಕು, ಉಸಿರು ಬಿಟ್ಟ ಹಾಗಾಗುತ್ತದೆ. ಇದನ್ನು ಹೆದರಿಕೆ ಅಂತ ತಳ್ಳಿಹಾಕಬೇಡಿ.

ನನ್ನದೇ ಒಂದು ಕಥೆ ಹೇಳುತ್ತೇನೆ. ನಾನು ಮದುವೆಯಾಗಿ ಮುಂಬಯಿಗೆ ಹೋದವಳು. ಮುಲುಂಡ್‌ನಲ್ಲಿ ಮನೆ, ಊರಿನ ಇನ್ನೊಂದು ತುದಿಯ ಫೋರ್ಟ್‌ನಲ್ಲಿ ನನ್ನ ಆಫೀಸು. ಮಗನಿಗೆ ಎರಡೂವರೆ ವರ್ಷ, ಮನೆಯ ಹತ್ತಿರದ ಪಾಳಣಾಘರದಲ್ಲಿ ಬಿಟ್ಟು ಹೋಗುತ್ತಿದ್ದೆ. ಸಂಜೆ ಏಳಕ್ಕೆ ಅದು ಮುಚ್ಚುತ್ತಿತ್ತು. ನನ್ನ ಚಿಕ್ಕಮ್ಮನ ಮನೆ ಅಲ್ಲಿಂದ ಹದಿನೈದು ನಿಮಿಷದ ನಡಿಗೆ.

2005ರ ಜುಲೈ 26, ಮಂಗಳವಾರ. ಮುಂಬಯಿಯ ಆ ಮಳೆ ನಿಮಗೂ ನೆನಪಿರಬಹುದು. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿಯಿತು. ಲೋಕಲ್ ರೈಲು ನಿಂತವು, ರಸ್ತೆ ಮುಳುಗಿತು, ಮೊಬೈಲ್ ಸಿಗಲಿಲ್ಲ. ನಾನು ಆಫೀಸಿನಲ್ಲೇ ಸಿಕ್ಕಿಬಿದ್ದೆ. ಯಜಮಾನರು ಎಲ್ಲಿದ್ದಾರೋ ಗೊತ್ತಿಲ್ಲ. ಅವತ್ತು ರಾತ್ರಿ ಮೇಜಿನ ಮೇಲೆ ಫೈಲು ತಲೆಗಿಟ್ಟುಕೊಂಡು ಮಲಗಿದ್ದೆ. ಭಯವಿತ್ತು. ಆದರೆ ಮಗನ ಬಗ್ಗೆ ಇರಬೇಕಾದಷ್ಟು ಭಯ ಇರಲಿಲ್ಲ. ಚಿಕ್ಕಮ್ಮ ಹೋಗಿರುತ್ತಾರೆ ಅಂತ ನನ್ನಷ್ಟಕ್ಕೆ ನಾನೇ ನಂಬಿಬಿಟ್ಟಿದ್ದೆ. ಅವರಿಗೆ ನಾನು ಹೇಳಿರಲಿಲ್ಲ, ಹೇಳುವುದಕ್ಕೆ ಫೋನೇ ಸಿಕ್ಕಿರಲಿಲ್ಲ.

ಮರುದಿನ ಮಧ್ಯಾಹ್ನ ಅರ್ಧ ದಾರಿ ನಡೆದು, ಅರ್ಧ ದಾರಿ ಯಾರದೋ ಟೆಂಪೋ ಹತ್ತಿ ಮನೆ ಮುಟ್ಟಿದೆ. ಮಗ ಚಿಕ್ಕಮ್ಮನ ಮನೆಯ ಹಾಲಿನಲ್ಲಿ ನಿದ್ದೆ ಮಾಡುತ್ತಿದ್ದ. ಕೈಯಲ್ಲಿ ಅವರ ಲಟ್ಟಣಿಗೆ. ಅದನ್ನು ಬಿಡಿಸಿಕೊಳ್ಳಲು ಹೋದರೆ ಅಳುತ್ತಾನೆ ಅಂತ ಹಾಗೇ ಬಿಟ್ಟಿದ್ದರು. ಮೊಣಕಾಲುದ್ದ ನೀರಿನಲ್ಲಿ ಐದು ಗಂಟೆಗೇ ಹೋಗಿ ಕರೆದುಕೊಂಡು ಬಂದಿದ್ದರಂತೆ. ಪಾಳಣಾಘರದ ಆಯಾಗೆ ಅವರ ಮುಖ ಗೊತ್ತಿತ್ತು, ಕೊಟ್ಟುಬಿಟ್ಟಿದ್ದಳು.

ನಾನು ಆ ಮೇಜಿನ ಮೇಲೆ ಮಲಗಿದ್ದಾಗ ಚಿಕ್ಕಮ್ಮ ನನಗೆ ಏನೂ ಮಾಡುತ್ತಿರಲಿಲ್ಲ, ಅಂದರೆ ನನ್ನ ಕಣ್ಣೆದುರು. ಆದರೂ ನನಗೆ ಒಂದಿಷ್ಟು ನಿದ್ದೆ ಬಂತಲ್ಲ, ಅದು ಅವರಿಂದಲೇ. 1986ರಲ್ಲಿ ಎಲೇನ್ ವೆತಿಂಗ್ಟನ್ ಮತ್ತು ರೊನಾಲ್ಡ್ ಕೆಸ್ಲರ್ ಅನ್ನುವವರು ಇದನ್ನೇ ಬರೆದಿದ್ದಾರೆ. ಕಷ್ಟ ಬಂದಾಗ ಮನಸ್ಸನ್ನು ಹಿಡಿದು ನಿಲ್ಲಿಸುವಲ್ಲಿ, ನಿಜಕ್ಕೂ ಸಿಕ್ಕ ಸಹಾಯಕ್ಕಿಂತ ‘ಬೇಕೆಂದರೆ ಸಿಗುತ್ತದೆ’ ಅನ್ನುವ ನಂಬಿಕೆಯ ಪಾಲೇ ದೊಡ್ಡದು. ನೀವು ಅಕ್ಕನನ್ನು ವರ್ಷಕ್ಕೆ ಎರಡೇ ಸಲ ರಾತ್ರಿ ಕರೆಯಬಹುದು. ಉಳಿದ 363 ರಾತ್ರಿಯೂ ಅವಳು ಹತ್ತಿರದಲ್ಲಿದ್ದಾಳೆ ಅನ್ನುವುದೇ ಕೆಲಸ ಮಾಡುತ್ತಿರುತ್ತದೆ.

ಹಾಗಂತ ನನ್ನ ಚಿಕ್ಕಮ್ಮನ ಬಗ್ಗೆ ಬರೀ ಹೊಗಳಿದರೆ ಸುಳ್ಳಾಗುತ್ತದೆ. ಇದೇ ಚಿಕ್ಕಮ್ಮ ನನ್ನ ಮನೆಗೆ ಬಂದರೆ ನೇರ ಹೋಗಿ ಫ್ರಿಜ್ ತೆಗೆಯುತ್ತಿದ್ದರು. “ಈ ಹಿಟ್ಟು ಯಾವತ್ತಿಂದು?” ಅಂತ ಮೂಸಿ ನೋಡುತ್ತಿದ್ದರು. ಶನಿವಾರ ಸಂಜೆ ನಾವು ಸಿನಿಮಾಕ್ಕೆ ಹೋದರೆ ಭಾನುವಾರ ಬೆಳಿಗ್ಗೆಗೆ ಊರಲ್ಲಿ ನನ್ನ ಅತ್ತೆಗೆ ಗೊತ್ತಾಗಿರುತ್ತಿತ್ತು. ಡಬ್ಬಿಗೆ ಲೆಕ್ಕವಿಲ್ಲದ ಮನೆಯವರು ಮಾತಿಗೂ ಲೆಕ್ಕ ಇಡುವುದಿಲ್ಲ. ಎರಡೂ ಒಟ್ಟಿಗೇ ಬರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡೋಣ ಅಂದರೆ ಆಗುವುದಿಲ್ಲ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ಎರಡು ಮಾತು ಹೇಳಿದ್ದಾರೆ, ಮನೆಯದು ಮತ್ತು ಸಂಬಂಧದ್ದು. ಅವೆರಡನ್ನೂ ಒಂದೇ ಗಂಟು ಕಟ್ಟಬೇಡಿ.

ಮನೆಯ ಮಾತು ಬಂದಾಗ ನನಗೆ ಯಾವಾಗಲೂ ಲಂಡನ್ನಿನ ಬೆತ್ನಲ್ ಗ್ರೀನ್ ನೆನಪಾಗುತ್ತದೆ. 1950ರ ದಶಕದಲ್ಲಿ ಅದು ಪೂರ್ವ ಲಂಡನ್ನಿನ ಬಡವರ ಬಡಾವಣೆ. ಇಕ್ಕಟ್ಟಾದ ಹಳೆಯ ಮನೆಗಳು. ಆದರೆ ಮದುವೆಯಾದ ಹೆಣ್ಣುಮಕ್ಕಳು ತಾಯಿಯ ಮನೆಯ ಆಸುಪಾಸಿನಲ್ಲೇ ಇರುತ್ತಿದ್ದರು, ದಿನಾ ಹೋಗಿ ಬಂದು ಮಾಡುತ್ತಿದ್ದರು. ಸರ್ಕಾರ ಇವರಲ್ಲಿ ಎಷ್ಟೋ ಕುಟುಂಬಗಳಿಗೆ ಊರ ಹೊರಗೆ ಹೊಸ ಮನೆ ಕೊಟ್ಟಿತು. ಸ್ವಂತ ಬಚ್ಚಲು, ಕೈತೋಟ, ಗಾಳಿ ಬೆಳಕು. ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಜನ ಖುಷಿಯಿಂದಲೇ ಹೋದರು. ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್ಮಟ್ ಎಂಬ ಇಬ್ಬರು ಎರಡೂ ಕಡೆಯ ಮನೆಗಳಿಗೆ ಹೋಗಿ ಮಾತಾಡಿಸಿ 1957ರಲ್ಲಿ ಅದನ್ನೆಲ್ಲ ಬರೆದರು. ಹೊಸ ಮನೆಯಲ್ಲಿ ಹೆಂಗಸರು ಒಂಟಿಯಾಗಿದ್ದರು. ಬಸ್ಸಿನ ಖರ್ಚು ಜಾಸ್ತಿ, ಮನೆಮನೆಗೆ ಫೋನ್ ಇರದ ಕಾಲ. ತಾಯಿಯನ್ನು ನೋಡುವುದು ಅಪರೂಪವಾಯಿತು. ಮನೆ ಚೆನ್ನಾಗಿಲ್ಲ ಅಂತ ಹೇಳಿದವರು ಕಡಿಮೆ. ಮನೆ ಚೆನ್ನಾಗಿದೆ, ಆದರೆ ಅಮ್ಮ ಇಲ್ಲ ಅನ್ನುವಂಥ ಮಾತು.

ಫ್ರಿಸ್ಕೋದ ನಾಲ್ಕು ರೂಮಿನ ಮನೆ, ಹಿತ್ತಲು, ಎರಡು ಕಾರು ನಿಲ್ಲುವ ಗ್ಯಾರೇಜು ನನ್ನ ಕಣ್ಣಿಗೆ ಕಟ್ಟುತ್ತದೆ. ಎಡಿಸನ್ ಕಡೆ ಅದೇ ದುಡ್ಡಿಗೆ ಬಹುಶಃ ಒಂದು ಟೌನ್‌ಹೌಸ್ ಸಿಗಬಹುದು. ಅಮೆರಿಕದಲ್ಲೇ ಆಸ್ತಿ ತೆರಿಗೆ ಅತಿ ಜಾಸ್ತಿ ಇರುವ ರಾಜ್ಯ ನ್ಯೂಜೆರ್ಸಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನ್ಯೂಜೆರ್ಸಿಯಲ್ಲಿ ಇದೆ. ಜೊತೆಗೆ ಹಿಮ ಬೇರೆ. ಇದು ನಿಜವಾದ ಖರ್ಚು, ಭಾವನೆಯ ಮಾತಿನಲ್ಲಿ ಮುಚ್ಚಿಹಾಕುವಂಥದ್ದಲ್ಲ. ಒಂದು ಕಾಗದದಲ್ಲಿ ಬರೆದು ಇಬ್ಬರೂ ಕೂತು ನೋಡಿ. ಆಮೇಲೆ ಅದರ ಪಕ್ಕದಲ್ಲಿ, ಕಳೆದ ಒಂದು ವರ್ಷದಲ್ಲಿ ‘ಇಲ್ಲಿ ಅಕ್ಕ ಇದ್ದಿದ್ದರೆ’ ಅನಿಸಿದ ದಿನಗಳನ್ನು ಬರೆಯಿರಿ. ಡೇಕೇರ್‌ನಿಂದ ಮಗುವಿಗೆ ವಾಂತಿ ಅಂತ ಫೋನ್ ಬಂದ ದಿನ. ಇಬ್ಬರಿಗೂ ಮೀಟಿಂಗ್ ಇದ್ದ ದಿನ. ಯುಗಾದಿ ದಿನ ಹೋಳಿಗೆಯನ್ನು ಮೂವರೇ ಕೂತು ತಿಂದಿದ್ದು. ಎರಡು ಪಟ್ಟಿಯಲ್ಲಿ ಯಾವುದು ಭಾರ ಅಂತ ನಾನು ಇಲ್ಲಿ ಕೂತು ಹೇಳಲಾರೆ.

(ಓಕ್ ಟ್ರೀ ರೋಡಿನ ನಮ್ಮ ದೇಶದ ಅಂಗಡಿಗಳಿಗಾಗಿ ಎಡಿಸನ್ ಬೇಕು ಅಂತ ಯಾರಾದರೂ ಹೇಳಿದರೆ ಅದನ್ನು ಪಟ್ಟಿಗೆ ಸೇರಿಸಬೇಡಿ. ಈಗ ನಿಮ್ಮ ಡಲ್ಲಾಸ್ ಸುತ್ತಲೂ ಕರಿಬೇವಿಗೆ ಬರವಿಲ್ಲ.)

ಇನ್ನು ಸಂಬಂಧದ ಮಾತು. “ದೂರ ಇದ್ದರೇ ಚಂದ” ಅನ್ನುವ ಗಂಡಸರ ಮಾತಿನ ಹಿಂದೆ ಬಾಯಿಬಿಟ್ಟು ಹೇಳದ ಒಂದು ವಿಷಯ ಇರುತ್ತದೆ. ಸಲಹೆ ಕೇಳಲು ನನ್ನ ಹತ್ತಿರ ಬಂದವರಲ್ಲಿ ಹಲವರು ಮೂರನೇ ಸಲ ಬಂದಾಗ ಅದನ್ನು ಹೇಳುತ್ತಾರೆ. ಹೆಂಡತಿಯ ತವರಿನವರ ಊರಿಗೆ ಹೋದರೆ ತಾನು ಮನೆಅಳಿಯನ ಹಾಗಾಗುತ್ತೇನೆ ಅನ್ನುವ ಅಳುಕು. ಫ್ರಿಸ್ಕೋದಲ್ಲಿ ಅವರಿಗೆ ಅವರದೇ ಹೆಸರಿದೆ. ಎಂಟು ವರ್ಷದ ಗೆಳೆಯರಿದ್ದಾರೆ. ಎಡಿಸನ್‌ನಲ್ಲಿ ಮೊದಲ ಎರಡು ವರ್ಷ ಅವರು “ಅವಳ ತಂಗಿಯ ಗಂಡ”. ಷಡ್ಡಕರ ನಡುವೆ ವಯಸ್ಸು, ಸಂಬಳ, ಗ್ರೀನ್ ಕಾರ್ಡ್ ಎಲ್ಲವೂ ಮೌನವಾಗಿ ಅಳೆಯಲ್ಪಡುತ್ತವೆ. ನಾಳೆ ಅವರ ಅಪ್ಪ ಅಮ್ಮ ಬಂದರೆ ಅವರಿಗೂ ಬೀಗರ ಊರಿಗೆ ಬಂದ ಹಾಗೆ ಅನಿಸಬಹುದು. ಇದನ್ನು ಅವರೇ ಹೇಳಲಿ ಅಂತ ಕಾಯಬೇಡಿ. “ಅಲ್ಲಿಗೆ ಹೋದರೆ ನಿಮಗೆ ಏನು ಕಳೆದುಹೋಗುತ್ತೆ?” ಅಂತ ನೀವೇ ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಬಂದ ತಕ್ಷಣ ವಾದಕ್ಕೆ ಇಳಿಯಬೇಡಿ.

ಇಷ್ಟು ಬರೆದಮೇಲೂ ನಿಮ್ಮ ಪತ್ರದಲ್ಲಿ ಒಬ್ಬರ ಮಾತು ಇಲ್ಲವೇ ಇಲ್ಲ ಅನ್ನುವುದು ಕಾಣುತ್ತದೆ. ಅವ್ವನ ಮಾತಿದೆ, ಯಜಮಾನರ ಮಾತಿದೆ. ಅಕ್ಕ ಏನಂತಾಳೆ?

“ಬಾರೇ, ಬಂದುಬಿಡು” ಅಂದಿರುತ್ತಾಳೆ. ಯಾವ ಅಕ್ಕ ಬರಬೇಡ ಅಂತಾಳೆ? ಅಕ್ಕ ಅಂದರೆ ಅರ್ಧ ಅಮ್ಮ ಅನ್ನುತ್ತೇವೆ. ಹಾಗೆ ಅನ್ನುವವರೆಲ್ಲ ತಂಗಿಯರು. ಅಕ್ಕಂದಿರನ್ನು ಯಾರೂ ಕೇಳಿಲ್ಲ. ಅವಳಿಗೂ ಕೆಲಸ, ಮಕ್ಕಳು, ಸೊಂಟನೋವು, ಅವಳದೇ ಗೆಳತಿಯರು ಇದ್ದಾರೆ. ಆದ್ದರಿಂದ ಒಂದು ದಿನ ಇಬ್ಬರೇ ಇರುವಾಗ ಫೋನಿನಲ್ಲಿ ಕೇಳಿ. “ಬರಲಾ” ಅಂತ ಕೇಳಿದರೆ ಒಂದೇ ಉತ್ತರ. “ನಾನು ಬಂದರೆ ನಿನಗೆ ಏನು ತೊಂದರೆ ಆಗಬಹುದು, ಒಂದೆರಡು ಹೇಳು” ಅಂತ ಕೇಳಿದರೆ ಮೊದಲು ನಗುತ್ತಾಳೆ, ಆಮೇಲೆ ಹೇಳುತ್ತಾಳೆ.

ಅಕ್ಕ ತಂಗಿ ಹತ್ತಿರ ಬಂದು ಕೆಡುವುದು ಹೇಗೆ ಅಂತ ನಾನು ಬೇಕಾದಷ್ಟು ನೋಡಿದ್ದೇನೆ. ದೊಡ್ಡ ಜಗಳದಿಂದ ಕೆಟ್ಟಿದ್ದು ಕಡಿಮೆ. ಹೆಚ್ಚಾಗಿ ಹೀಗೆ ಆಗುತ್ತದೆ. ತಂಗಿಗೆ ಒಂದು ದಿನ ಆಫೀಸಿನಲ್ಲಿ ತಡವಾಯಿತು, ಅಕ್ಕ ಮಗುವನ್ನು ಕರೆದುಕೊಂಡು ಬಂದಳು. ಮುಂದಿನ ವಾರ ಎರಡು ದಿನ. ಆರು ತಿಂಗಳಿಗೆ ಅದು ದಿನದ ಪದ್ಧತಿಯಾಯಿತು. ಯಾರೂ ಕೂತು ಮಾತಾಡಿ ನಿರ್ಧರಿಸಿದ್ದಲ್ಲ. ಅಕ್ಕ ಏನೂ ಹೇಳುವುದಿಲ್ಲ, ಆದರೆ ಒಂದು ದಿನದಿಂದ ತಂಗಿಯ ಫೋನ್ ಎತ್ತುವುದು ತಡವಾಗುತ್ತದೆ. ತಂಗಿಗೆ ಅರ್ಥವೇ ಆಗುವುದಿಲ್ಲ, ಏನಾಯ್ತು ಇವಳಿಗೆ ಅಂತ. ದಿನಾ ಮಾಡುವ ಕೆಲಸಕ್ಕೆ ಸಹಾಯ ಅನ್ನುವುದಿಲ್ಲ, ನೌಕರಿ ಅನ್ನುತ್ತೇವೆ. ದಿನದ ಕೆಲಸಕ್ಕೆ ಡೇಕೇರ್‌ಗೇ ದುಡ್ಡು ಕೊಡಿ. ಅಕ್ಕನನ್ನು ಅಕ್ಕನಾಗಿಯೇ ಉಳಿಸಿಕೊಳ್ಳಿ. ಸಾಲವೂ ಹಾಗೇ. ಐದು ಡಾಲರಿಗೆ ಲೆಕ್ಕ ಬೇಡ, ಐದು ಸಾವಿರಕ್ಕೆ ಚೀಟಿ ಬರೆದಿಡಿ. ಡಬ್ಬಿಯ ಲೆಕ್ಕ ಬಿಡುವುದು ಬೇರೆ, ಮನೆಯ ಡೌನ್ ಪೇಮೆಂಟಿನ ಲೆಕ್ಕ ಬಿಡುವುದು ಬೇರೆ.

ಎಷ್ಟು ಹತ್ತಿರ ಇರಬೇಕು ಅಂತ ಹಲವರು ಕೇಳುತ್ತಾರೆ. ನನ್ನ ಅನುಭವದಲ್ಲಿ ಕಾರಿನಲ್ಲಿ ಹದಿನೈದರಿಂದ ಮೂವತ್ತು ನಿಮಿಷ. ರಾತ್ರಿ ಬರಬಹುದಾದಷ್ಟು ಹತ್ತಿರ, ಹಾಲಿಲ್ಲ ಅಂತ ಬರಲಾಗದಷ್ಟು ದೂರ. ಅದೇ ಕಾಂಪ್ಲೆಕ್ಸಿನಲ್ಲಿ, ಎದುರುಬದುರು ಮನೆ ಮಾತ್ರ ಮಾಡಬೇಡಿ. ನಿಮ್ಮ ಮನೆಗೆ ಯಾರ ಕಾರು ಬಂತು, ಎಷ್ಟು ಹೊತ್ತಿಗೆ ದೀಪ ಆರಿತು ಅನ್ನುವುದು ಅಕ್ಕನಿಗೂ ಬೇಕಿಲ್ಲದ ಸುದ್ದಿ. ಎಡಿಸನ್ ಸುತ್ತಲಿನ ಪಿಸ್ಕಾಟವೇ, ಸೋಮರ್‌ಸೆಟ್ ಕಡೆ ನೋಡಬಹುದು.

ನಿಮ್ಮ ವಿಷಯದಲ್ಲಿ ಇನ್ನೊಂದಿದೆ, ಹೆರಿಗೆ. ಮೊದಲನೆಯದಕ್ಕೂ ಎರಡನೆಯದಕ್ಕೂ ದೊಡ್ಡ ವ್ಯತ್ಯಾಸ ಏನು ಗೊತ್ತಾ? ಮೊದಲ ಸಲ ನೋವು ಬಂದಾಗ ಇಬ್ಬರೂ ಆಸ್ಪತ್ರೆಗೆ ಹೊರಟುಬಿಡಬಹುದು. ಎರಡನೇ ಸಲ ಮನೆಯಲ್ಲಿ ನಿದ್ದೆ ಮಾಡುತ್ತಿರುವ ನಾಲ್ಕು ವರ್ಷದ ಮಗು ಇರುತ್ತದೆ. ಅವ್ವ ಬಂದಿರುತ್ತಾರೆ ಅಂದುಕೊಳ್ಳೋಣ. ಬಾಣಂತನ ಅವರೇ ಮಾಡುತ್ತಾರೆ. ಅಂಟಿನುಂಡೆ, ಮೆಣಸಿನ ಸಾರು, ಮಗುವಿಗೆ ಎಣ್ಣೆ ನೀರು, ಅದಕ್ಕೆಲ್ಲ ಅವರ ಕೈಯೇ ಬೇಕು. ಆದರೆ ಅವರು ಕಾರು ಓಡಿಸುವುದಿಲ್ಲ. ಮಗಳಿಗೆ ಅದೇ ವಾರ ಮತ್ತೆ ಜ್ವರ ಬಂದರೆ ಫೋನಿನಲ್ಲಿ ನರ್ಸ್ ಕೇಳುವ ಪ್ರಶ್ನೆಗೆ ಉತ್ತರಿಸುವುದು ಅವರಿಗೆ ಕಷ್ಟ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ, ಆಮೇಲೆ ಅವರು ಹೊರಡಬೇಕು. ಏರ್‌ಪೋರ್ಟಿನಲ್ಲಿ ಬಿಟ್ಟು ಬಂದ ದಿನ ಮನೆ ಇದ್ದಕ್ಕಿದ್ದಂತೆ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ನಿಮಗೆ ಮೊದಲ ಮಗುವಿನಲ್ಲೇ ಗೊತ್ತಾಗಿದೆ. ಅಕ್ಕ ಇದ್ದರೆ ಆ ದಿನ ಅವ್ವನನ್ನು ಇಬ್ಬರೂ ಬಿಟ್ಟು ಬರುತ್ತೀರಿ, ವಾಪಸ್ ಬರುವಾಗ ದಾರಿಯಲ್ಲಿ ಎಲ್ಲಾದರೂ ನಿಂತು ಕಾಫಿ ಕುಡಿಯುತ್ತೀರಿ. ಅಷ್ಟೇ. ಅದು ಸಣ್ಣದಲ್ಲ.

ಆ ಆರು ತಿಂಗಳನ್ನು ಯಾರ ಮನೆಯಲ್ಲಿ ಎಷ್ಟು ಅಂತ ಹಂಚುವುದರಲ್ಲೂ ಒಂದು ಕಿರಿಕಿರಿ ಕಾದಿದೆ, ನೆನಪಿಡಿ. ಬಾಣಂತಿಯ ಮನೆಯಲ್ಲಿ ಅವ್ವ ಇದ್ದರೆ ಅಕ್ಕ ಬಾಯಿಬಿಟ್ಟು ಏನೂ ಹೇಳಲಾರಳು. ಟಿಕೆಟ್ ಮಾಡಿಸುವ ಮುಂಚೆಯೇ ಮೂವರೂ ಮಾತಾಡಿಕೊಳ್ಳಿ.

ಕಾಗದಪತ್ರದ ಕೆಲವು ವಿಷಯ. ಎಚ್-1ಬಿಯಲ್ಲಿ ಇರುವವರು ಬೇರೆ ಊರಿನ ಆಫೀಸಿಗೆ ಹೋಗಬೇಕಾದರೆ, ಅದು ದಿನಾ ಹೋಗಿಬರುವ ದೂರದಲ್ಲಿ ಇಲ್ಲದಿದ್ದರೆ, ಕಂಪನಿ ಮೊದಲು ತಿದ್ದುಪಡಿ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡಿನ ಕೆಲಸ ನಡೆಯುತ್ತಿದ್ದರೆ ಊರು ಬದಲಾದ ಕಾರಣಕ್ಕೆ ಲೇಬರ್ ಸರ್ಟಿಫಿಕೇಷನ್, ಅಂದರೆ ಆ ಕೆಲಸಕ್ಕೆ ಅಲ್ಲಿನವರು ಸಿಗಲಿಲ್ಲ ಅಂತ ಕಂಪನಿ ತೋರಿಸುವ ಹಂತ, ಮತ್ತೆ ಮೊದಲಿನಿಂದ ಮಾಡಬೇಕಾಗಿ ಬರಬಹುದು. ಯಾವ ಹಂತದಲ್ಲಿದೆ ಅನ್ನುವುದರ ಮೇಲೆ ಅದು ನಿಂತಿದೆ. ಬಾಡಿಗೆ ಮನೆ ಹುಡುಕುವ ಮುಂಚೆ ಕಂಪನಿಯ ವಕೀಲರನ್ನು ಕೇಳಿ. ಅಕಸ್ಮಾತ್ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಕೊಡುವ ಸಮಯ ಹೆಚ್ಚೆಂದರೆ 60 ದಿನ. ಆ ಎರಡು ತಿಂಗಳು ಒಂದು ರೂಮು ಬಿಟ್ಟುಕೊಡುವವರು ಇರುವುದು ಎಷ್ಟು ದೊಡ್ಡ ಧೈರ್ಯ ಅಂತ ಅನುಭವಿಸಿದವರನ್ನು ಕೇಳಬೇಕು.

ರಜೆಯ ವಿಷಯವೂ ನೋಡಿಕೊಳ್ಳಿ. ಅಲ್ಲಿನ ಕೇಂದ್ರದ ಕಾನೂನು 50ಕ್ಕಿಂತ ಕಡಿಮೆ ಇಲ್ಲದಷ್ಟು ನೌಕರರಿರುವ ಕಂಪನಿಯಲ್ಲಿ, ಒಂದು ವರ್ಷ ಕೆಲಸ ಮಾಡಿದವರಿಗೆ 12 ವಾರ ರಜೆ ಕೊಡುತ್ತದೆ, ಸಂಬಳವಿಲ್ಲದೆ. ನ್ಯೂಜೆರ್ಸಿಯಲ್ಲಿ ಇದರ ಜೊತೆ ರಾಜ್ಯದ್ದೇ ಒಂದು ವಿಮೆಯಿದೆ, ಮಗು ಹುಟ್ಟಿದಾಗ 12 ವಾರದವರೆಗೆ ಸಂಬಳದ ಒಂದು ಭಾಗ ಸಿಗುತ್ತದೆ. ಅಪ್ಪನಿಗೂ ಸಿಗುತ್ತದೆ. ಟೆಕ್ಸಸ್‌ನಲ್ಲಿ ಅಂಥದ್ದಿಲ್ಲ. ಆದರೆ ನ್ಯೂಜೆರ್ಸಿಯಲ್ಲಿ ಒಂದಿಷ್ಟು ವಾರ ದುಡಿದಿರಬೇಕು, ಆದ್ದರಿಂದ ಹೋದ ತಕ್ಷಣ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಹೋಗುವುದಾದರೆ ಯಾವಾಗ? ನಾನಾದರೆ ಏಳನೇ ತಿಂಗಳಿಗೆ ಮುಂಚೆ, ಇಲ್ಲವೇ ಹೆರಿಗೆಯಾಗಿ ಮಗುವಿಗೆ ಐದಾರು ತಿಂಗಳಾದ ಮೇಲೆ ಅನ್ನುತ್ತೇನೆ. ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಬಂದ ಬಸುರಿಯನ್ನು ತೆಗೆದುಕೊಳ್ಳಲು ಎಷ್ಟೋ ಡಾಕ್ಟರುಗಳು ಹಿಂಜರಿಯುತ್ತಾರೆ. ಬಾಕ್ಸು ಕಟ್ಟುವ, ಬಿಚ್ಚುವ ಗಲಾಟೆ ಬೇರೆ. ವೀಸಾ ಅರ್ಜಿ ಅಷ್ಟರೊಳಗೆ ಮುಗಿಯದಿದ್ದರೆ ಒದ್ದಾಡಬೇಡಿ. ಈ ಹೆರಿಗೆ ಫ್ರಿಸ್ಕೋದಲ್ಲೇ ಆಗಲಿ, ಅಕ್ಕ ಹತ್ತು ದಿನ ರಜೆ ಹಾಕಿ ಬರಲಿ. ವಿಮಾನದಲ್ಲಿ ಮೂರೂವರೆ, ನಾಲ್ಕು ಗಂಟೆ ಅಷ್ಟೇ.

ತೀರ್ಮಾನಕ್ಕೆ ಮುಂಚೆ ಒಂದು ಕೆಲಸ ಮಾಡಿ. ಮಗಳನ್ನು ಕರೆದುಕೊಂಡು ಎರಡು ವಾರ ಎಡಿಸನ್‌ಗೆ ಹೋಗಿ ಬನ್ನಿ. ದೀಪಾವಳಿಗೆ, ಕ್ರಿಸ್‌ಮಸ್ ರಜೆಗೆ ಹೋದರೆ ಉಪಯೋಗವಿಲ್ಲ. ರಜೆಯಲ್ಲಿ ಎಲ್ಲರ ಮನೆಯೂ ಚೆನ್ನಾಗಿರುತ್ತದೆ. ಸುಮ್ನೆ ಸಾಮಾನ್ಯ ದಿನಗಳಲ್ಲಿ ಹೋಗಿ, ನೀವಿಬ್ಬರೂ ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿ. ಅಕ್ಕ ಮಂಗಳವಾರ ಸಂಜೆ ಆರೂವರೆಗೆ ಆಫೀಸಿನಿಂದ ಬಂದಾಗ ಅವಳ ಮುಖ ನೋಡಿ. ನಿಮ್ಮನ್ನು ನೋಡಿ ಕುರ್ಚಿಯಲ್ಲಿ ಕುಸಿದು ಕೂರುತ್ತಾಳಾ, ಅಥವಾ ಎದ್ದು ನಿಂತು ತಿಂಡಿ ಮಾಡಲಾ ಅಂತ ಓಡಾಡುತ್ತಾಳಾ? ಕುಸಿದು ಕೂತರೆ ಒಳ್ಳೆಯದು. ನೀವು ಇನ್ನೂ ನೆಂಟರಾಗಿಲ್ಲ ಅಂತ ಅರ್ಥ.

ನನ್ನ ಅಭಿಪ್ರಾಯ ಕೇಳಿದರೆ, ಹೋಗಿ ಅಂತಲೇ ಹೇಳುತ್ತೇನೆ. ಅಕ್ಕ ಹೇಳುವ ತೊಂದರೆಗಳು ತಡೆದುಕೊಳ್ಳುವಂಥವಾಗಿದ್ದರೆ, ಯಜಮಾನರು ಅರ್ಧ ಮನಸ್ಸಿನಿಂದಲಾದರೂ ಒಪ್ಪಿದರೆ. ಒಂದೇ ದೇಶದಲ್ಲಿ ಒಡಹುಟ್ಟಿದವರು ಇರುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಅಮೆರಿಕದ ಪ್ರಜೆಯಾದವರು ತಮ್ಮ ಅಣ್ಣತಮ್ಮ ಅಕ್ಕತಂಗಿಯರಿಗೆ ಅರ್ಜಿ ಹಾಕಬಹುದು, ಆದರೆ ಆ ವಿಭಾಗಕ್ಕೆ ಇಡೀ ಪ್ರಪಂಚಕ್ಕೆ ಸೇರಿ ವರ್ಷಕ್ಕೆ ಸುಮಾರು 65,000 ವೀಸಾ. ಭಾರತದವರು 15 ವರ್ಷಕ್ಕೂ ಜಾಸ್ತಿ ಕಾಯುತ್ತಿದ್ದಾರೆ. ನಿಮಗೆ ಬೇಕಾಗಿರುವುದು ಕಂಪನಿಯ ಒಂದು ವರ್ಗಾವಣೆ.

ಯಜಮಾನರು ಒಪ್ಪದಿದ್ದರೂ ನೀವು ಒಂಟಿಯಾಗೇ ಇರಬೇಕು ಅಂತಿಲ್ಲ. ಅಮೆರಿಕದ ಕನ್ನಡ ಕೂಟಗಳೆಲ್ಲ ಸೇರಿ 1998ರಲ್ಲಿ ಮಾಡಿಕೊಂಡ ಒಕ್ಕೂಟಕ್ಕೆ ‘ಅಕ್ಕ’ ಅಂತಲೇ ಹೆಸರು, ಗೊತ್ತಲ್ಲ. ಕೂಟದ ಪರಿಚಯದಿಂದ ಕೆಲಸ ಸಿಗುತ್ತದೆ, ಬಾಡಿಗೆ ಮನೆ ಸಿಗುತ್ತದೆ, ಗಣಪತಿ ಹಬ್ಬಕ್ಕೆ ಊಟ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಅಕ್ಕ ಮಾತ್ರ ತಾನಾಗಿ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಆ 300 ಹೆಸರಿನಲ್ಲಿ ಇಬ್ಬರನ್ನು ಆರಿಸಿಕೊಳ್ಳಿ. ಹತ್ತು ನಿಮಿಷದ ದಾರಿಯಲ್ಲಿ ಇರುವವರನ್ನು. ಅವರ ಹತ್ತಿರ ಬಾಯಿಬಿಟ್ಟು ಕೇಳಿ, “ನಮಗೆ ಇಲ್ಲಿ ಯಾರೂ ಇಲ್ಲ, ನಿಮಗೂ ಇಲ್ಲ. ರಾತ್ರಿ ಏನಾದರೂ ಆದರೆ ನಿಮಗೆ ಫೋನ್ ಮಾಡುತ್ತೇನೆ, ನೀವೂ ನನಗೆ ಮಾಡಿ.” ನಮ್ಮವರಿಗೆ ಇದನ್ನು ಹೇಳುವುದು ನಾಚಿಕೆ. ಒಮ್ಮೆ ಹೇಳಿದ ಮೇಲೆ ಎದುರಿನವರ ಮುಖ ನೋಡಿ. ಅವರೂ ಇಷ್ಟು ದಿನ ಅದನ್ನೇ ಕೇಳಬೇಕು ಅಂತ ಕಾದಿರುತ್ತಾರೆ. ಮುಂದಿನ ಸಲ ಅವರ ಡಬ್ಬಿ ಬಂದಾಗ ಸಕ್ಕರೆ ಹಾಕದೆ ಖಾಲಿ ಕೊಟ್ಟು ನೋಡಿ.

ಹೋಗಲಿ ಬಿಡಲಿ, ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ನಿಮ್ಮ ಮಗಳ ಡೇಕೇರ್‌ನಲ್ಲಿ, ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಅಂತ ಒಂದು ಫಾರಂ ತುಂಬಿಸಿಕೊಂಡಿರುತ್ತಾರೆ. ಮುಲುಂಡ್‌ನ ಆಯಾ ಹಾಗೆ ಅವರು ಮುಖ ನೋಡಿ ಕೊಡುವುದಿಲ್ಲ. ಫಾರಂನಲ್ಲಿ ಹೆಸರಿರಬೇಕು, ಬಂದವರು ಗುರುತಿನ ಕಾರ್ಡ್ ತೋರಿಸಬೇಕು, ಅವರ ಕಾರಿನಲ್ಲಿ ಮಗುವಿನ ಸೀಟು ಇರಬೇಕು. ಅದರಲ್ಲಿ ನಿಮ್ಮ ಹೆಸರು, ಯಜಮಾನರ ಹೆಸರು ಬರೆದಿರುತ್ತೀರಿ. ಮೂರನೇ ಸಾಲು ಖಾಲಿ ಬಿಟ್ಟಿದ್ದೀರಾ, ನೋಡಿ. ಖಾಲಿಯಿದ್ದರೆ ಅಲ್ಲಿ ಬರೆಯಬಹುದಾದ ಹೆಸರಿನವರಿಗೆ ಇವತ್ತು ಸಂಜೆಯೇ ಫೋನ್ ಮಾಡಿ.